ಕಂಬದ ಮೇಲೆ ಕನ್ನಡ, ಬಚ್ಚಲಿನ ಲೈಟಿಗೆ ಇಂಗ್ಲಿಷು!



ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕಂಬವನ್ನು ಒಮ್ಮೆ ತಲೆ ಎತ್ತಿ ನೋಡಿ. ಒಂದು ತಗಡಿನ ಫಲಕ, ಅದರ ಮೇಲೆ ತಲೆಬುರುಡೆ, ಅಡ್ಡಡ್ಡ ಎರಡು ಮೂಳೆ, ಜೊತೆಗೆ ಕೆಂಪಕ್ಷರದಲ್ಲಿ 'ಅಪಾಯ' ಎಂದು ಕನ್ನಡದಲ್ಲೇ ಬರೆದಿರುತ್ತದೆ. ಇದು ಯಾವುದೋ ಅಧಿಕಾರಿಯ ಕನ್ನಡ ಪ್ರೇಮದಿಂದ ಬಂದದ್ದಲ್ಲ. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 35ನೇ ನಿಯಮ ಸ್ಪಷ್ಟವಾಗಿ ಹೇಳಿತ್ತು: ಅಪಾಯದ ಸೂಚನೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲಿ, ಅದರ ಜೊತೆಗೆ ಆ ಜಿಲ್ಲೆಯ ಭಾಷೆಯಲ್ಲೂ ಇರಲೇಬೇಕು, ಬುರುಡೆ ಮೂಳೆಯ ಚಿತ್ರವೂ ಇರಬೇಕು. ಓದು ಬಾರದವನಿಗೆ ಚಿತ್ರ, ಓದು ಬಲ್ಲವನಿಗೆ ಅವನ ಭಾಷೆ. ದೊಡ್ಡ ವೋಲ್ಟೇಜಿನ ಕಂಬಕ್ಕೆ ಈ ದೇಶ ಇಷ್ಟು ಬುದ್ಧಿ ತೋರಿಸಿ ಅರವತ್ತೈದು ವರ್ಷದ ಮೇಲಾಯಿತು.

ಈಗ ಕಂಬ ಬಿಟ್ಟು ಹಾಸನದ ಯಾವುದಾದರೂ ಎಲೆಕ್ಟ್ರಿಕಲ್ ಅಂಗಡಿಯೊಳಕ್ಕೆ ಬನ್ನಿ. ಅಂಗಡಿಯ ಬೋರ್ಡಿನಲ್ಲಿ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ತಿದ್ದುಪಡಿ ಆಯಿತು. ಅದು ನಿಮ್ಮಂಥ ಹುಡುಗರ ಹೋರಾಟದ ಫಲ, ಸಂತೋಷ. ಬೋರ್ಡಿನ ಕೆಳಗೆ ನುಗ್ಗಿ, ಕೌಂಟರಿನ ಮೇಲಿರುವ ಒಂದು ಸ್ಪಾಟ್ ಲೈಟಿನ ಡಬ್ಬಿ ಕೈಗೆ ತೆಗೆದುಕೊಳ್ಳಿ. ಆರೂ ಮುಖ ತಿರುಗಿಸಿ. ಕನ್ನಡದ ಒಂದು ಅಕ್ಷರ ಸಿಕ್ಕಿದರೆ ನೀವು ಪುಣ್ಯವಂತರು. ಮೂಲೆಯಲ್ಲಿ ಇರುವೆ ಹರಿದಂತೆ ಇಂಗ್ಲಿಷಿನಲ್ಲಿ ಏನೋ ಇರುತ್ತದೆ. ಒಣ ಜಾಗಕ್ಕೆ ಮಾತ್ರ, ಕರೆಂಟ್ ತೆಗೆದು ಜೋಡಿಸಿ, ಅರ್ಥ್ ಕೊಡಿ, ಡ್ರೈವರ್ ಬದಲಾಯಿಸುವಾಗ ಇಂಥದ್ದೇ ಹಾಕಿ. ನಿಮ್ಮ ಅಮ್ಮ, ಅಕ್ಕ, ಮಗು ಮೈಗೆ ನೀರು ಸುರಿದುಕೊಂಡು ನಿಲ್ಲುವ ಜಾಗದ ತಲೆಯ ಮೇಲೆ ಹೋಗಿ ಕೂರುವ ಸಾಮಾನಿನ ಎಚ್ಚರಿಕೆ ಇದು. ಊರ ಹೊರಗಿನ ಕಂಬಕ್ಕೆ ಕನ್ನಡ ಬೇಕು, ಬಚ್ಚಲಿಗೆ ಬೇಡವೇ?

ಈ ಬಚ್ಚಲು ಲೈಟಿನ ವಿಷಯ ಒಂದು ಪತ್ರಿಕೆಯಲ್ಲಿ ಬರೆಯುವಂಥದ್ದೇ ಎಂದು ನಗುವವರು ನಗಲಿ. ನಮ್ಮ ಕಡೆ ಬಚ್ಚಲುಮನೆ ಎಂದರೆ ಏನಿತ್ತು? ಹಿತ್ತಿಲ ಬದಿಗೆ ಒಂದು ಕೋಣೆ, ಹೂತಿಟ್ಟ ಹಂಡೆ, ಕೆಳಗೆ ತೆಂಗಿನ ಗರಿ ಉರಿಯುವ ಒಲೆ, ಹೊಗೆ ಹಿಡಿದ ಗೋಡೆ, ಮೇಲೆ ಹಂಚು. ಕರೆಂಟು ಇದ್ದರೆ ಬಾಗಿಲ ಹೊರಗಡೆ ಒಂದು ನಲವತ್ತು ಕ್ಯಾಂಡಲ್ಲಿನ ಬಲ್ಬು, ಅದರ ಬೆಳಕು ಒಳಗೆ ಬಿದ್ದಷ್ಟೇ ಬಂತು. ಮಬ್ಬಾಗಿತ್ತು ನಿಜ. ಆದರೆ ಕರೆಂಟಿಗೂ ನೀರಿಗೂ ನಡುವೆ ಒಂದು ಗೋಡೆ ಇತ್ತು. ಈಗ ನೋಡಿ. ಚನ್ನರಾಯಪಟ್ಟಣದ ತೋಟದ ಮನೆ ಇರಲಿ, ಅರಕಲಗೂಡಿನಲ್ಲಿ ಹೊಗೆಸೊಪ್ಪು ಶುಂಠಿಯ ದುಡ್ಡಿನಲ್ಲಿ ಎದ್ದ ತಾರಸಿ ಮನೆ ಇರಲಿ, ಹೊಳೆನರಸೀಪುರದ ಹೊಸ ಬಡಾವಣೆ ಇರಲಿ, ಬಚ್ಚಲಿಗೂ ಫಾಲ್ಸ್ ಸೀಲಿಂಗ್ ಬಂದಿದೆ. ಪಿವಿಸಿ ಪಟ್ಟಿಯೋ ಪಿಒಪಿಯೋ ಹೊಡೆದು, ತೂತು ಕೊರೆದು, ನಾಲ್ಕು ಸ್ಪಾಟ್ ಲೈಟು ಕೂರಿಸುತ್ತಾರೆ. ಹಾಲಿಗೆ ತಂದ ಡಜನ್ ಲೈಟಿನಲ್ಲಿ ಮಿಕ್ಕಿದ್ದನ್ನೇ ಬಚ್ಚಲಿಗೂ ಹಾಕುತ್ತಾರೆ. ಚೆಂದ ಕಾಣುತ್ತದೆ, ಸುಳ್ಳಲ್ಲ. ಗೃಹಪ್ರವೇಶಕ್ಕೆ ಬಂದವರು ಬಾಯಿ ತುಂಬ ಹೊಗಳುತ್ತಾರೆ.

ತೊಂದರೆ ಆ ಪಟ್ಟಿಯ ಮೇಲೆ, ಕಣ್ಣಿಗೆ ಕಾಣದ ಕಡೆ ಇದೆ. ಗೀಸರಿನ ಬಿಸಿನೀರು ಬಿಟ್ಟರೆ ಹಬೆ ಏಳುತ್ತದೆ. ಹಬೆಗೆ ಗೊತ್ತಿರುವುದು ಮೇಲಕ್ಕೆ ಹೋಗುವುದೊಂದೇ. ಲೈಟಿನ ಸುತ್ತಲಿನ ಸಂದಿಯಲ್ಲಿ ನುಗ್ಗಿ, ಮೇಲಿನ ತಣ್ಣನೆಯ ಮೋಲ್ಡಿಗೆ ತಾಗಿ, ನೀರಾಗಿ ತೊಟ್ಟಿಕ್ಕುತ್ತದೆ. ಯಾವುದರ ಮೇಲೆ? ಲೈಟಿನ ಡ್ರೈವರ್ ಮೇಲೆ, ಟೇಪು ಸುತ್ತಿದ ವೈರಿನ ಗಂಟಿನ ಮೇಲೆ. ಅರಕಲಗೂಡಿನ ಮಲೆನಾಡ ಸೆರಗಿನ ಹಳ್ಳಿಗಳಲ್ಲಿ ಆಷಾಢ ಶ್ರಾವಣದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಸೀಲಿಂಗಿನ ಒಳಗಿನ ತೇವ ಒಣಗುತ್ತದೆಯೇ? ಅದರ ಮೇಲೆ ನಮ್ಮ ಮನೆಗಳಲ್ಲಿ ಬಚ್ಚಲಿನ ಮೇಲೆ ಅಟ್ಟ ಬಿಡುವ ಪದ್ಧತಿ ಬೇರೆ. ಏಳು ಅಡಿಗೆ ಅಟ್ಟದ ಹಲಗೆ, ಅದರ ಕೆಳಗೆ ಪೈಪು ಮುಚ್ಚಲು ಫಾಲ್ಸ್ ಸೀಲಿಂಗು. ಎತ್ತರದ ಹುಡುಗ ಕೈ ಎತ್ತಿದರೆ ಲೈಟು ಸಿಗುತ್ತದೆ. ಅಂತಾರಾಷ್ಟ್ರೀಯ ವೈರಿಂಗ್ ನಿಯಮದಲ್ಲಿ ಸ್ನಾನದ ಜಾಗದ ಮೇಲೆ ನೆಲದಿಂದ 2.25 ಮೀಟರ್, ಅಂದರೆ ಸುಮಾರು 7 ಅಡಿ 4 ಇಂಚಿನವರೆಗೆ ಅಪಾಯದ ವಲಯ ಎಂದು ಗೆರೆ ಎಳೆದಿದ್ದಾರೆ. ನಮ್ಮ ಎಷ್ಟೋ ಬಚ್ಚಲುಗಳ ಸೀಲಿಂಗು ಆ ಗೆರೆಯ ಕೆಳಗೇ ಇದೆ!

"ಲೈಟ್ ತಾನೆ ಅಣ್ಣ, ಐದು ವ್ಯಾಟು, ಏನಾಗುತ್ತೆ" ಎನ್ನುವವರಿದ್ದಾರೆ. ವ್ಯಾಟು ಕೊಲ್ಲುವುದಿಲ್ಲ, ಮೈಯೊಳಗೆ ಹರಿಯುವ ಕರೆಂಟು ಕೊಲ್ಲುತ್ತದೆ. ಐದು ವ್ಯಾಟಿನ ಲೈಟಿಗೂ ಬರುವ ವೈರಿನಲ್ಲಿರುವುದು ಅದೇ 230 ವೋಲ್ಟು. ಒಣ ಚರ್ಮ ಒಂದಿಷ್ಟು ತಡೆಯುತ್ತದೆ. ನೆನೆದ ಮೈ, ಬರಿಗಾಲು, ಒದ್ದೆ ನೆಲ ಸೇರಿದರೆ ಆ ತಡೆ ಎಲ್ಲಿ ಉಳಿಯಿತು? ಇನ್ನು "ಎಂಸಿಬಿ ಇದೆಯಲ್ಲ, ಬೀಳುತ್ತೆ" ಎಂಬ ಧೈರ್ಯ. ಇದು ಓದಿದವರಲ್ಲೂ ಇರುವ ಭ್ರಮೆ. ಲೈಟಿನ ಎಂಸಿಬಿ ಸಾಮಾನ್ಯವಾಗಿ 6 ಆಂಪಿಯರಿನದು, ಅಂದರೆ 6000 ಮಿಲಿಆಂಪಿಯರ್. ಮನುಷ್ಯನ ಎದೆಬಡಿತ ಕೆಡಲು ಕೆಲವು ಹತ್ತು ಮಿಲಿಆಂಪಿಯರ್ ಸಾಕು. ನೀವು ಒದ್ದಾಡುತ್ತಿರುವುದು ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಅದು ವೈರು ಸುಡದಂತೆ ಕಾಯುವ ಕಾವಲುಗಾರ, ನಿಮ್ಮನ್ನು ಕಾಯುವುದಲ್ಲ. ನಿಮ್ಮನ್ನು ಕಾಯುವುದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಎನ್ನುತ್ತಾರೆ. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ ವ್ಯತ್ಯಾಸ ಕಂಡರೆ, ಅಂದರೆ ಎಲ್ಲೋ ಸೋರಿ ನೆಲಕ್ಕೆ ಇಳಿಯುತ್ತಿದೆ ಎಂದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಅದರ ಮೇಲೆ '30 ಎಂಎ' ಎಂದು ಬರೆದಿರಬೇಕು. 100, 300 ಎಂದಿದ್ದರೆ ಅದು ಬೆಂಕಿ ತಡೆಯುವುದಕ್ಕೆ, ಜೀವ ಉಳಿಸುವುದಕ್ಕಲ್ಲ. ಮುಖದ ಮೇಲೊಂದು ಪುಟ್ಟ ಗುಂಡಿ ಇರುತ್ತದೆ, ಪರೀಕ್ಷೆಯದು. ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದಿದ್ದರೆ ಅದು ಗೋಡೆಗೆ ಅಂಟಿಸಿದ ಅಲಂಕಾರ, ಅಷ್ಟೇ.

2023ರ ನವೆಂಬರಿನಲ್ಲಿ ಹಾಸನಾಂಬೆಯ ದರ್ಶನಕ್ಕೆ ನಿಂತ ಸರತಿಯಲ್ಲಿ ಕರೆಂಟ್ ಹೊಡೆದು ನೂಕುನುಗ್ಗಲಾದದ್ದು ನಿಮಗೆ ನೆನಪಿರಬಹುದು. ಆವತ್ತು ಊರಿಗೆ ಊರೇ ಸುರಕ್ಷತೆಯ ಬಗ್ಗೆ ಮಾತಾಡಿತು. ದೀಪಾವಳಿ ಮುಗಿಯಿತು, ಮಾತೂ ಮುಗಿಯಿತು. ಸಾವಿರ ಜನರ ನಡುವೆ ಆದರೆ ಸುದ್ದಿ. ಚಿಲಕ ಹಾಕಿದ ಬಚ್ಚಲಿನೊಳಗೆ ಒಬ್ಬರಿಗೆ ಆದರೆ "ಪಾಪ, ಹಣೆಬರಹ".

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ಮೊದಲು ಡಬ್ಬಿಯ ಮೇಲೆ ಇಂಗ್ಲಿಷಿನ 'ಐಪಿ' ಎಂಬ ಎರಡು ಅಕ್ಷರ, ಅದರ ಪಕ್ಕದಲ್ಲಿ ಎರಡು ಅಂಕಿ. ಮೊದಲನೆಯ ಅಂಕಿ ಧೂಳು, ಹುಳ, ಬೆರಳು ಒಳಹೋಗದಂತೆ ಎಷ್ಟು ತಡೆ ಎಂಬುದಕ್ಕೆ. ಎರಡನೆಯದು ನೀರಿಗೆ. ಬಚ್ಚಲಿಗೆ ಬೇಕಾದದ್ದು ಈ ಎರಡನೆಯದು. ಐಪಿ 20 ಎಂದಿದ್ದರೆ ನೀರಿಗೆ ಸೊನ್ನೆ, ಅದು ಹಾಲಿಗೆ, ರೂಮಿಗೆ. ಅಂಗಡಿಯಲ್ಲಿ ಸಿಗುವ ಬಹಳಷ್ಟು ಸ್ಪಾಟ್ ಲೈಟುಗಳು ಇವೇ. ಕೆಲವು ಡಬ್ಬಿಗಳ ಮೇಲೆ ಐಪಿ ಎಂಬುದೇ ಇರುವುದಿಲ್ಲ, ಅದನ್ನೂ ಸೊನ್ನೆ ಎಂದೇ ತಿಳಿಯಿರಿ. ಐಪಿ 44 ಎಂದರೆ ಎತ್ತಲಿಂದ ನೀರು ಸಿಡಿದರೂ ತಡೆಯುತ್ತದೆ. ಬಚ್ಚಲಿನಲ್ಲಿ ಷವರಿನಿಂದ ದೂರಕ್ಕೆ ಇದು ಸಾಕು. ಷವರಿನ ನೇರ ಮೇಲೆ, ತಗ್ಗಿನ ಸೀಲಿಂಗಿಗೆ, ಐಪಿ 65 ತನ್ನಿ. ಪೈಪು ಹಿಡಿದು ನೀರು ಹೊಡೆದರೂ ಒಳಗೆ ಹೋಗದು. ನನ್ನನ್ನು ಕೇಳಿದರೆ ಷವರಿನ ನೆತ್ತಿಯ ಮೇಲೆ ಲೈಟೇ ಬೇಡ. ನಾಲ್ಕಾಳು ನಿಲ್ಲುವ ಬಚ್ಚಲೇನಲ್ಲವಲ್ಲ, ಐದು ಅಡಿ ಏಳು ಅಡಿ ಕೋಣೆಗೆ ಬಾಗಿಲ ಕಡೆ ಒಂದು, ಕನ್ನಡಿಯ ಕಡೆ ಒಂದು ಸಾಕು. ಇನ್ನೊಂದು ಮಾತು: ಈ ಐಪಿ ಅಂಕಿ ಹಲವು ಲೈಟುಗಳಲ್ಲಿ ಕೆಳಗೆ ಕಾಣುವ ಮುಖಕ್ಕೆ ಮಾತ್ರ. ಸೀಲಿಂಗಿನ ಮೇಲಿರುವ ಡ್ರೈವರ್ ಅದೇ ಐಪಿ 20ರದೇ ಇರಬಹುದು. ಡ್ರೈವರನ್ನೂ ಕೈಗೆ ತೆಗೆದುಕೊಂಡು ಓದಿ.

ಆಮೇಲೆ ಐಎಸ್‌ಐ ಸಂಸ್ಥೆಯ, ಅಂದರೆ ಬಿಐಎಸ್‌ನ ನೋಂದಣಿ. ಎಲ್‌ಇಡಿ ಬಲ್ಬು, ಲೈಟು, ಡ್ರೈವರುಗಳಿಗೆ ಈ ದೇಶದಲ್ಲಿ ನೋಂದಣಿ ಕಡ್ಡಾಯ. ಇಂಗ್ಲಿಷಿನ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು ಸಾಮಾನಿನ ಮೇಲೋ ಡಬ್ಬಿಯ ಮೇಲೋ ಮುದ್ರಿಸಿರಬೇಕು. ಬೆಂಗಳೂರಿನಿಂದ ಮೂಟೆಯಲ್ಲಿ ಬರುವ ಹೆಸರಿಲ್ಲದ ಅಗ್ಗದ ಲೈಟುಗಳಲ್ಲಿ ಅದು ಇರುವುದಿಲ್ಲ. ಅಂಥವುಗಳ ಡ್ರೈವರುಗಳಲ್ಲಿ ಒಂದು ದೊಡ್ಡ ಕೇಡಿದೆ. ಒಳ್ಳೆಯ ಡ್ರೈವರಿನಲ್ಲಿ ಮನೆಯ 230 ವೋಲ್ಟಿಗೂ ಎಲ್‌ಇಡಿ ಕಡೆಯ ವೈರಿಗೂ ಸಂಬಂಧ ಕಡಿದಿರುತ್ತಾರೆ. ಅಗ್ಗದ್ದರಲ್ಲಿ ಆ ತಡೆ ಇರುವುದಿಲ್ಲ. ಲೈಟಿನ ಕಡೆಯ ತೆಳ್ಳನೆಯ ವೈರು ಆಟಿಕೆಯದರಂತೆ ಕಾಣುತ್ತದೆ, ಮುಟ್ಟಿದರೆ ಮೇನ್ ಲೈನೇ!

ಹೊಳೆನರಸೀಪುರದಲ್ಲಿ ನನ್ನ ಪರಿಚಯದ ಒಂದು ಮನೆಯಲ್ಲಿ ಆದದ್ದು ಹೇಳುತ್ತೇನೆ. ಬಚ್ಚಲಿನ ಲೈಟು ಹೊಸದಾಗಿ ಹಾಕಿಸಿ ಮೂರು ತಿಂಗಳಿಗೆ ಮಿಣಮಿಣ ಎನ್ನತೊಡಗಿತು. ಮನೆಯ ಹುಡುಗ ಡಿಗ್ರಿ ಓದುತ್ತಿದ್ದವನು, ಜಾಣ, ಕೈಕೆಲಸವೂ ಗೊತ್ತು. ಸ್ನಾನ ಮಾಡಿ ಬಂದವನೇ ಸ್ಟೂಲು ಹಾಕಿ ಲೈಟಿನ ಲೋಹದ ರಿಂಗು ಹಿಡಿದು ಎಳೆದ. ಸ್ವಿಚ್ಚು ಆಫ್ ಆಗಿತ್ತು. ಆದರೂ ಹೊಡೆಯಿತು. ಸ್ಟೂಲಿನಿಂದ ಬಿದ್ದು ಮುಂಗೈ ಮುರಿಯಿತು, ಜೀವ ಉಳಿಯಿತು. ಆಮೇಲೆ ಡಬ್ಬಿ ಹುಡುಕಿ ನೋಡಿದರೆ, ಒಣ ಜಾಗಕ್ಕೆ ಮಾತ್ರ ಎಂದು ಇಂಗ್ಲಿಷಿನಲ್ಲಿ ಬರೆದೇ ಇತ್ತು, ಸಾಸಿವೆ ಕಾಳಿನ ಗಾತ್ರದಲ್ಲಿ. ಹಾಕಿದ ವೈರ್‌ಮನ್ ಕೆಟ್ಟವನಲ್ಲ, ಇಪ್ಪತ್ತು ವರ್ಷದಿಂದ ಕೆಲಸ ಮಾಡಿದವನು. ಅವನಿಗೆ ಇಂಗ್ಲಿಷ್ ಓದಲು ಬಾರದು. ಮನೆಯ ಯಜಮಾನರಿಗೆ ಬರುತ್ತದೆ, ಆದರೆ ಅವರು ಓದಿದ್ದು ಬೆಲೆ ಮಾತ್ರ. ಹೀಗೆ ಓದಬಲ್ಲವನು ಡಬ್ಬಿ ಬಿಚ್ಚಲಿಲ್ಲ, ಡಬ್ಬಿ ಬಿಚ್ಚಿದವನು ಓದಲಾರ. ನಡುವೆ ಸಿಕ್ಕಿ ಬಿದ್ದವನು ಆ ಹುಡುಗ.

ಸ್ವಿಚ್ಚು ಆಫ್ ಆಗಿದ್ದರೂ ಹೇಗೆ ಹೊಡೆಯಿತು ಎಂದು ನೀವು ಕೇಳಬೇಕು. ಸ್ವಿಚ್ಚು ಫೇಸ್ ವೈರನ್ನು ಕಡಿಯಬೇಕು. ಆ ಮನೆಯಲ್ಲಿ ನ್ಯೂಟ್ರಲ್ಲನ್ನು ಕಡಿಯುವಂತೆ ಜೋಡಿಸಿದ್ದರು. ಹಾಗಾದರೂ ಲೈಟು ಆರುತ್ತದೆ, ಹತ್ತುತ್ತದೆ, ಯಾರಿಗೂ ಅನುಮಾನ ಬಾರದು. ಆದರೆ ಆರಿದ ಲೈಟಿನಲ್ಲೂ ಫೇಸ್ ಬಂದು ಕೂತಿರುತ್ತದೆ. ನಿಮ್ಮ ಮನೆಯಲ್ಲಿ ರಾತ್ರಿ ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಿಂಚುಹುಳದಂತೆ ಮಂಕಾಗಿ ಬೆಳಗುತ್ತಿದ್ದರೆ ಇದೂ ಒಂದು ಕಾರಣ ಇರಬಹುದು. ಸ್ವಿಚ್ಚಿನಲ್ಲಿ ಪುಟ್ಟ ಇಂಡಿಕೇಟರ್ ದೀಪವಿದ್ದರೂ ಹೀಗಾಗುತ್ತದೆ, ಅದು ಬೇರೆ. ಯಾವುದು ಎಂದು ವೈರ್‌ಮನ್ ಕರೆದು ತೋರಿಸಿ. ಹಾಗಾಗಿ ಲೈಟು ಬದಲಾಯಿಸುವಾಗ ಗೋಡೆಯ ಸ್ವಿಚ್ಚನ್ನು ನಂಬಲೇಬೇಡಿ. ಮೇನ್ ತೆಗೆಯಿರಿ.

ಮೇನ್ ತೆಗೆದರೂ ಮುಗಿಯಲಿಲ್ಲ! ನಮ್ಮ ಜಿಲ್ಲೆಯಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಅದಕ್ಕೇ ಅನುಕೂಲವಿದ್ದ ಮನೆಗಳಲ್ಲೆಲ್ಲ ಯುಪಿಎಸ್. ಯುಪಿಎಸ್ ಮೊದಲು ನಡೆಸುವುದು ಯಾವುದನ್ನು? ಲೈಟುಗಳನ್ನು. ನೀವು ಮೇನ್ ತೆಗೆದ ಕ್ಷಣಕ್ಕೇ ಅದು "ಓ, ಕರೆಂಟ್ ಹೋಯಿತು" ಎಂದುಕೊಂಡು ಬ್ಯಾಟರಿಯಿಂದ 230 ವೋಲ್ಟು ಮಾಡಿ ಬಚ್ಚಲಿನ ಲೈಟಿಗೆ ಕಳಿಸುತ್ತದೆ. ಊರಿಗೆಲ್ಲ ಕತ್ತಲಾದಾಗ "ಈಗ ಕರೆಂಟಿಲ್ಲ, ಈಗಲೇ ಲೈಟು ಬದಲಾಯಿಸಿಬಿಡೋಣ" ಎಂದು ಸ್ಟೂಲು ಹತ್ತುವ ಬುದ್ಧಿವಂತರಿಗೆ ಇದು ಗೊತ್ತಿರಲಿ. ಇನ್ನೂ ಕೆಟ್ಟದ್ದೇನೆಂದರೆ, ಯುಪಿಎಸ್ಸಿನ ಲೈನು ಎಷ್ಟೋ ಮನೆಗಳಲ್ಲಿ ಆರ್‌ಸಿಸಿಬಿಯ ಕಾವಲಿನೊಳಗೆ ಇರುವುದೇ ಇಲ್ಲ. ಆಮೇಲೆ ಎಳೆದ ಲೈನು, ನ್ಯೂಟ್ರಲ್ ಕಲಸಿಕೊಂಡು ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ, "ಅದರ ಕಾಟ ಬೇಡ" ಎಂದು ಹೊರಗಿನಿಂದ ಕೊಟ್ಟುಬಿಟ್ಟಿರುತ್ತಾರೆ. ಆದ್ದರಿಂದ ಮೇನೂ ತೆಗೆಯಬೇಕು, ಯುಪಿಎಸ್ ಗುಂಡಿಯನ್ನೂ ಆರಿಸಬೇಕು, ಅದರ ಔಟ್‌ಪುಟ್ ಪಿನ್ನನ್ನೂ ಕಿತ್ತಿಡಬೇಕು. ಹೊಸ ಮನೆ ಕಟ್ಟಿಸುತ್ತಿದ್ದರೆ ಯುಪಿಎಸ್ ಲೈನಿಗೇ ಬೇರೊಂದು ಆರ್‌ಸಿಸಿಬಿ ಹಾಕಿಸಿ. ಫಾಲ್ಸ್ ಸೀಲಿಂಗಿಗೆ ಸುರಿಯುವ ದುಡ್ಡಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಆಮೇಲೆ ಟೆಸ್ಟರ್. ಟೆಸ್ಟರನ್ನು ಮೊದಲು ಕರೆಂಟ್ ಇರುವ ಪ್ಲಗ್ಗಿಗೆ ಹಿಡಿದು ಹತ್ತುತ್ತದೆಯೇ ನೋಡಬೇಕು, ಮೇನ್ ತೆಗೆದು ಲೈಟಿನ ಎರಡೂ ವೈರಿಗೆ ಹಿಡಿಯಬೇಕು, ಕೊನೆಗೆ ಮತ್ತೆ ಕರೆಂಟ್ ಇರುವ ಕಡೆ ಹಿಡಿದು ಅದಿನ್ನೂ ಬದುಕಿದೆಯೇ ಖಾತ್ರಿ ಮಾಡಿಕೊಳ್ಳಬೇಕು. ಸತ್ತ ಟೆಸ್ಟರ್ ಹತ್ತದಿದ್ದರೆ ವೈರು ಸತ್ತಿದೆ ಎಂದು ಅರ್ಥವಲ್ಲ. ಅಕ್ಕಪಕ್ಕದ ಮನೆಯ ಲೈನು ಬೆಳಗುತ್ತಿದ್ದರೆ ಅವರ ಬಾಗಿಲಿಗೆ ಹೋಗಿ ಕೇಳಿ, ಯಾರೂ ಬೇಡ ಎನ್ನುವುದಿಲ್ಲ.

ನಿಲ್ಲುವುದಕ್ಕೆ ಏನು? ಬೋರಲು ಹಾಕಿದ ಬಕೆಟ್ಟಂತೂ ಬೇಡ. ನೆಲ ಒರೆಸಿ, ಒಣಗಿಸಿ, ಅಲುಗದ ಏಣಿ ಹಾಕಿ, ರಬ್ಬರ್ ಚಪ್ಪಲಿ ತೊಟ್ಟು, ಕೆಳಗೊಬ್ಬರನ್ನು ನಿಲ್ಲಿಸಿಕೊಂಡು ಹತ್ತಿ. ಸ್ನಾನವಾದ ಕೂಡಲೇ ಬೇಡ, ಹಬೆ ಆರಲಿ.

ಹಳೆಯ ಲೈಟು ತೆಗೆದಾಗ ಒಳಗೆ ಏನಿದೆ ನೋಡಿ. ಬರೀ ಬಲ್ಬು ಕಿತ್ತು ಹಾಕುವಂಥದ್ದಾದರೆ ಅದು ಎಷ್ಟು ವೋಲ್ಟಿನದು ಎಂದು ಓದಿ. ಎರಡು ಗುಂಡು ಕಾಲಿನ, ತಿರುಗಿಸಿ ಕೂರಿಸುವ ಬಲ್ಬು 230 ವೋಲ್ಟಿನದು. ಎರಡು ಸೂಜಿ ಕಾಲಿನದು ಸಾಮಾನ್ಯವಾಗಿ 12 ವೋಲ್ಟಿನದು, ಅದರ ಹಿಂದೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಳೆಯ 50 ವ್ಯಾಟಿನ ಹ್ಯಾಲೊಜೆನ್ ಬಲ್ಬಿನ ಜಾಗಕ್ಕೆ 5 ವ್ಯಾಟಿನ ಎಲ್‌ಇಡಿ ಹಾಕಿದರೆ ಆ ಹಳೆ ಟ್ರಾನ್ಸ್‌ಫಾರ್ಮರಿಗೆ ಹೊರೆ ಸಾಲದೆ ಬೆಳಕು ಮಿಟುಕುತ್ತದೆ. ಲೈಟು ಕೆಟ್ಟಿದೆ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ, ಎಲ್‌ಇಡಿಗೆ ತಕ್ಕ ಡ್ರೈವರ್ ಹಾಕಿಸಿ. ಹೊಸ ನಮೂನೆಯ ಲೈಟುಗಳಲ್ಲಿ ಬಲ್ಬು ಎಂಬುದೇ ಇಲ್ಲ. ಎಷ್ಟೋ ಸಲ ಸತ್ತಿರುವುದು ಡ್ರೈವರ್ ಮಾತ್ರ. ಅದರ ಮೇಲೆ ಬರೆದ ಮಿಲಿಆಂಪಿಯರ್ ಮತ್ತು ವೋಲ್ಟಿನ ಅಂಕಿಗೆ ಹೊಂದುವುದನ್ನೇ ತರಬೇಕು, "ಇದೂ ನಡೆಯುತ್ತೆ ಸಾರ್" ಎಂಬುದು ನಡೆಯುವುದಿಲ್ಲ. ಪೂರ್ತಿ ಲೈಟೇ ಬದಲಾಯಿಸುವುದಾದರೆ ಮೊದಲು ತೂತಿನ ಅಳತೆ ತೆಗೆಯಿರಿ. ಮೂರಿಂಚಿನ ತೂತಿಗೆ ನಾಲ್ಕಿಂಚಿನದು ತಂದು ಕತ್ತರಿಯಲ್ಲಿ ಪಿವಿಸಿ ಕೆರೆಯುವುದು, ನಾಲ್ಕಿಂಚಿನ ತೂತಿಗೆ ಮೂರಿಂಚಿನದು ತಂದು ಸಂದಿಗೆ ಪುಟ್ಟಿ ಮೆತ್ತುವುದು, ಎರಡೂ ಹಬೆಗೆ ಬಾಗಿಲು ತೆರೆದ ಹಾಗೆ.

ವೈರಿನ ಬಣ್ಣ ಇನ್ನೊಂದು ಬಲೆ. ನಮ್ಮ ಮನೆಗಳ ಹಳೆಯ ಪದ್ಧತಿಯಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ಕಪ್ಪು ನ್ಯೂಟ್ರಲ್ಲು, ಹಸಿರು ಅರ್ಥು. ಡಬ್ಬಿಯಲ್ಲಿ ಬರುವ ಲೈಟಿನ ಬಾಲದಲ್ಲಿ ಕಂದು ಬಣ್ಣದ್ದು ಫೇಸು, ನೀಲಿಯದು ನ್ಯೂಟ್ರಲ್ಲು! ನೀಲಿಗೆ ನೀಲಿ ಎಂದು ಜೋಡಿಸಿದರೆ ಉಲ್ಟಾ ಆಯಿತು. ಬಣ್ಣ ನೋಡಿ ನಂಬಬೇಡಿ, ಟೆಸ್ಟರ್ ನೋಡಿ. ಲೋಹದ ಮೈಯ ಲೈಟಿನಲ್ಲಿ ಅರ್ಥಿನ ಹಸಿರು ವೈರೋ ಸ್ಕ್ರೂವೋ ಕೊಟ್ಟಿದ್ದರೆ ಅದನ್ನು ಜೋಡಿಸಲೇಬೇಕು, "ಲೈಟಿಗೇಕೆ ಅರ್ಥು" ಎಂದು ಕತ್ತರಿಸಿ ಬಿಸಾಡುವವರೇ ಹೆಚ್ಚು. ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಮಾತ್ರ ಅದಕ್ಕೆ ಅರ್ಥ್ ಬೇಡ ಎಂದು ಲೆಕ್ಕ. ಗಂಟು ಹಾಕಿ ಕಪ್ಪು ಟೇಪು ಸುತ್ತುವುದು ಬಚ್ಚಲಿಗೆ ಬೇಡ. ತೇವಕ್ಕೆ ಟೇಪಿನ ಅಂಟು ಬಿಡುತ್ತದೆ. ಕನೆಕ್ಟರ್ ಹಾಕಿ, ಅದನ್ನು ಮುಚ್ಚಳವಿರುವ ಪುಟ್ಟ ಡಬ್ಬಿಯೊಳಗೆ ಇಡಿಸಿ. ವೈರಿಗೆ ಕೈಹಾಕುವ ಈ ಕೆಲಸವನ್ನೆಲ್ಲ ಪರವಾನಗಿ ಇರುವ ವೈರ್‌ಮನ್ನಿಂದಲೇ ಮಾಡಿಸಿ. ನೀವು ಪಕ್ಕದಲ್ಲಿ ನಿಂತು, ಏನು ನೋಡಬೇಕೋ ಅದನ್ನು ನೋಡಿ, ಕೇಳಬೇಕಾದ್ದನ್ನು ಕೇಳಿ. ಕಂಬದಿಂದ ಮೀಟರಿನವರೆಗಿನ ಲೈನಿನಲ್ಲೇ ತೊಂದರೆ ಎನಿಸಿದರೆ 1912ಕ್ಕೆ ಫೋನು ಮಾಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟುದ್ದ ನಾನು ಬರೆದದ್ದರಲ್ಲಿ ಅರ್ಧದಷ್ಟು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಆಗಲೇ ಇದೆ. ಅದು ಕನ್ನಡದಲ್ಲಿದ್ದಿದ್ದರೆ ನಾನು ಈ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ. "ಕಾನೂನಿನಲ್ಲಿ ಅವಕಾಶವಿಲ್ಲ" ಎಂದು ಕಂಪನಿಯ ಪ್ರತಿನಿಧಿಗಳು ರೀಲು ಬಿಡುತ್ತಾರೆ. 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಏನು ಹೇಳುತ್ತವೆ? ಬೆಲೆ, ತಯಾರಕರ ಹೆಸರು ಇತ್ಯಾದಿ ಕಡ್ಡಾಯ ವಿವರ ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು, ಜೊತೆಗೆ ಬೇರೆ ಯಾವುದೇ ಭಾಷೆ ಬಳಸಲು ಅಡ್ಡಿಯಿಲ್ಲ. ಹಿಂದಿ, ಇಂಗ್ಲಿಷಿಗೆ 'ಬೇಕು', ಕನ್ನಡಕ್ಕೆ 'ಅಡ್ಡಿಯಿಲ್ಲ'! ಈ ದೆಹಲಿಯ ನ್ಯಾಯದ ಮೇಲೆ ಬೇರೆಯೇ ಬರೆಯಬೇಕು. ಆದರೆ ಅಡ್ಡಿಯಿಲ್ಲ ಎಂಬುದಂತೂ ಇದೆಯಲ್ಲ? ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರ ಮಾರ್ಚಿನಲ್ಲಿ ಜಾರಿಗೆ ಬಂತು. ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದು ಅದು ಹೇಳುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತು. ಇಲ್ಲಿ ತಯಾರಾಗುವುದಕ್ಕೆ ಮಾತ್ರ ಎಂಬ ಬಾಲವೊಂದಿದೆ. ಹೊರರಾಜ್ಯದ ಲೈಟು, ಚೀನಾದ ಲೈಟು ಆ ಬಾಲ ಹಿಡಿದು ನುಣುಚಿಕೊಳ್ಳುತ್ತವೆ. ಕರೆಂಟು ಹೊಡೆಯುವಾಗ ಲೈಟು ಎಲ್ಲಿಯದು ಎಂದು ವಿಚಾರಿಸಿ ಹೊಡೆಯುತ್ತದೆಯೇ?

ಇನ್ನು "ಖರ್ಚು ಜಾಸ್ತಿ" ಎಂಬ ಸಬೂಬು. ಇದನ್ನು ಬೇರೆ ಯಾರಿಗಾದರೂ ಹೇಳಲಿ, ಪ್ರಿಂಟಿಂಗ್ ಪ್ರೆಸ್ಸಿನವನಿಗೆ ಹೇಳಬಾರದು. ಡಬ್ಬಿ ಅಚ್ಚಾಗುವುದು ನಾಲ್ಕು ಬಣ್ಣದಲ್ಲಿ. ಅದರಲ್ಲಿ ಕಪ್ಪು ಬಣ್ಣದ ಪ್ಲೇಟಿನ ಮೇಲೆ ಆಗಲೇ ಇಂಗ್ಲಿಷ್ ಅಕ್ಷರ ಕೂತಿದೆ. ಅದೇ ಪ್ಲೇಟಿನ ಮೇಲೆ ಎರಡು ಸಾಲು ಕನ್ನಡ ಕೂರಿಸಿದರೆ ಹೊಸ ಪ್ಲೇಟು ಬೇಡ, ಇನ್ನೊಂದು ಸಲ ಮಿಷನ್ನಿಗೆ ಹಾಕುವುದು ಬೇಡ, ಕಾಗದ ಒಂದು ಹಾಳೆ ಹೆಚ್ಚು ಬೇಡ. ಅಕ್ಷರ ಜೋಡಿಸಿ ಪ್ರೂಫ್ ನೋಡಲು ಅರ್ಧ ಗಂಟೆ, ಅದೂ ಒಮ್ಮೆ ಮಾತ್ರ. ಜಾಗವಿಲ್ಲವಂತೆ! ಹೊಳೆಯುವ ಬಚ್ಚಲಿನಲ್ಲಿ ನಗುವ ಹೆಂಗಸಿನ ಚಿತ್ರಕ್ಕೆ ಅರ್ಧ ಡಬ್ಬಿ ಜಾಗವಿದೆ. ಹೊರದೇಶಕ್ಕೆ ಕಳಿಸುವ ಸಾಮಾನಿನ ಡಬ್ಬಿಯೊಳಗೆ ಆರೇಳು ಭಾಷೆಯ ಹಾಳೆ ಮಡಚಿ ಇಡುತ್ತಾರೆ. ಅಲ್ಲಿಯ ಗಿರಾಕಿ ಕೇಳುತ್ತಾನೆ, ನಾವು ಕೇಳುವುದಿಲ್ಲ. ಅಷ್ಟೇ ವ್ಯತ್ಯಾಸ.

ಒಂದು ಎಚ್ಚರಿಕೆ ನಮ್ಮವರಿಗೂ ಇದೆ. ಕನ್ನಡ ಬೇಕೆಂದು ಕೂಗಿದರೆ, "ಕೇವಲ ಶುಷ್ಕ ಸ್ಥಳಗಳಲ್ಲಿ ಬಳಕೆಗಾಗಿ ಉದ್ದೇಶಿಸಲಾಗಿದೆ" ಎಂದು ಯಾರಿಗೂ ತಿಳಿಯದ ಕನ್ನಡ ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತಾರೆ. ಇದಕ್ಕಿಂತ ಇಂಗ್ಲಿಷೇ ವಾಸಿ! "ನೀರು ತಾಗುವ ಕಡೆ ಹಾಕಬೇಡಿ. ಇದು ಬಚ್ಚಲಿಗಲ್ಲ" ಎಂದು ಬರೆದರೆ ಮುಗಿಯಿತು. 'ವಿದ್ಯುದಾಘಾತ'ಕ್ಕೆ ಹೆದರದವನು 'ಕರೆಂಟ್ ಹೊಡೆಯುತ್ತೆ' ಎಂದರೆ ಕೈ ಹಿಂದಕ್ಕೆ ತೆಗೆಯುತ್ತಾನೆ.

ಕಂಪನಿಗಳು ತಿದ್ದಿಕೊಳ್ಳುವವರೆಗೆ ಬಚ್ಚಲು ಕಾಯುವುದಿಲ್ಲ. ನೀವು ಲೈಟು ಕೊಳ್ಳಲು ಹೋದಾಗ "ಇದರ ಐಪಿ ಎಷ್ಟು, ಕನ್ನಡದಲ್ಲಿ ಎಲ್ಲಿ ಬರೆದಿದೆ ತೋರಿಸಿ" ಎಂದು ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಿ. ಪಕ್ಕದಲ್ಲಿ ನಿಂತವನಿಗೂ ಕೇಳಿಸಲಿ. ಹತ್ತು ಗಿರಾಕಿ ಕೇಳಿದರೆ ಅಂಗಡಿಯವನು ಏಜೆಂಟನ್ನು ಕೇಳುತ್ತಾನೆ, ಏಜೆಂಟು ಕಂಪನಿಯನ್ನು ಕೇಳುತ್ತಾನೆ. ಸಂಘದ ಗೆಳೆಯರು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳಿಗೆ ಒಂದೊಂದು ಕಟ್ಟು ಕನ್ನಡದ ಚೀಟಿ ಕೊಟ್ಟು, ಲೈಟಿನ ಡಬ್ಬಿಯ ಜೊತೆ ಒಂದೊಂದು ಹಾಕಿಕೊಡಲು ಹೇಳಲಿ. ಚೀಟಿಯಲ್ಲಿ ಇಷ್ಟಿದ್ದರೆ ಸಾಕು: "ಐಪಿ 44ಕ್ಕಿಂತ ಕಡಿಮೆಯ ಲೈಟು ಬಚ್ಚಲಿಗಲ್ಲ. ಷವರಿನ ಮೇಲೆ ಐಪಿ 65. ಬದಲಾಯಿಸುವ ಮೊದಲು ಮೇನ್ ತೆಗೆಯಿರಿ, ಯುಪಿಎಸ್ ಆರಿಸಿ, ಟೆಸ್ಟರ್ ಹಿಡಿಯಿರಿ. ಅರ್ಥ್ ವೈರು ಕತ್ತರಿಸಬೇಡಿ. ಮನೆಗೆ 30 ಎಂಎ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ." ಡೆಮಿ ಹಾಳೆಯ ಎಂಟನೇ ಒಂದು ಭಾಗ, ಒಂದೇ ಬಣ್ಣ. ಯಾವ ಊರಿನ ಪ್ರೆಸ್ಸಿನವನಾದರೂ ಮದುವೆ ಪತ್ರಿಕೆಯ ಕೆಲಸದ ನಡುವೆ ಮಿಕ್ಕಿದ ಕಾಗದದಲ್ಲಿ ಹೊಡೆದುಕೊಡಬಲ್ಲ, ನಾನಂತೂ ಕೊಡುತ್ತೇನೆ. ಅಕ್ಷರ ಮಾತ್ರ 14 ಪಾಯಿಂಟಿಗಿಂತ ಚಿಕ್ಕದಾಗದಿರಲಿ, ಕನ್ನಡಕ ಮನೆಯಲ್ಲಿ ಮರೆತು ಬಂದವರಿಗೂ ಕಾಣಬೇಕು.